ಮುದ್ದಪ್ಪನ ಕಪ್ಪೆ ರೊಪ್ಪ

ನಮ್ಮ ಹಿತ್ತಲ ಬಾಗಿಲನ್ನು ಯಾರಾದರೂ ಮೊಣಕೈಯಿಂದ ಗುದ್ದಿದರೆ ಅದು ಮುದ್ದಪ್ಪ. ಬೆರಳಿನಿಂದ ತಟ್ಟೋಣವೆಂದರೆ ಅವನ ಕೈಗೆ ಎಂದೂ ಬಿಡುವಿರುವುದಿಲ್ಲ; ಎರಡರಲ್ಲೂ ಕಪ್ಪೆಗಳಿರುತ್ತವೆ.

ನಮ್ಮವರು, ಗಂಗಾಧರಪ್ಪ, ಹಿರಿಯೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟರು. ಮುದ್ದಪ್ಪ ಅದೇ ಕಾಲೇಜಿನ ಪ್ರಯೋಗಶಾಲೆಯ ಅಟೆಂಡರು. ಪಿಯುಸಿ ಮಕ್ಕಳು ಕೊಯ್ದು ನೋಡಲು ಬೇಕಾಗುವ ಕಪ್ಪೆಗಳನ್ನು ಹಿಡಿದು ತರುವುದು ಅವನ ಕೆಲಸ. ಕಾಲೇಜಿನಲ್ಲಿ ತೊಟ್ಟಿಯಿಲ್ಲ, ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ದೊಡ್ಡದೊಂದು ಕಲ್ಲುತೊಟ್ಟಿ ಇದೆ. ಹಾಗಾಗಿ ಮೈಸೂರಿನಲ್ಲಿ ಓದಿ ಬೆಳೆದು, ಮದುವೆಯಾಗಿ ಈ ಊರಿಗೆ ಬಂದ ನನ್ನ ಪಾಲಿಗೆ ದಕ್ಕಿದ್ದು ಕಪ್ಪೆಗಳ ನೆರೆಹೊರೆ.

ಮಗಳು ವಾರಿಜಳಿಗೆ ಆಗ ಒಂದೂವರೆ ವರ್ಷ. ನಡೆಯಲು ಕಲಿತು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕಾಲ. ತೊಟ್ಟಿಗೆ ಬಗ್ಗಿ ಬಿದ್ದರೆ? ಕಪ್ಪೆ ಮುಟ್ಟಿದ ಕೈ ಬಾಯಿಗಿಟ್ಟುಕೊಂಡರೆ? ಕಪ್ಪೆ ಇದ್ದಲ್ಲಿಗೆ ಹಾವು ಬರುತ್ತದಂತೆ, ಬಂದರೆ? ನಮ್ಮ ಮನೆಯಲ್ಲಿ ಡೆಟಾಲು ಹಾಲಿನ ಹಾಗೆ ಖರ್ಚಾಗುತ್ತಿತ್ತು.

“ಕಪ್ಪೆ ಮುಟ್ಟಿ ಸತ್ತೋರನ್ನ ಯಾರನ್ನಾದ್ರೂ ಕಂಡೀರಾ ಅಮ್ಮಾರೆ? ನಾನು ಹುಟ್ಟಿದಾಗಿಂದ ಮುಟ್ತಾ ಇದೀನಿ. ನೋಡ್ರಿ, ಹೆಂಗಿದೀನಿ!” ಎಂದು ಮುದ್ದಪ್ಪ ಎದೆ ಉಬ್ಬಿಸುತ್ತಿದ್ದ.

“ಹೆಂಗಿದೀಯ ಅಂತ ನೀನೇ ಹೇಳ್ಕಬೇಕು. ಇನ್ಯಾರು ಹೇಳ್ತಾರೆ?” ಎಂದು ಅವನ ಹೆಂಡತಿ ಕಾಟಮ್ಮ, ಕದಿರಿನಲ್ಲಿ ಉಣ್ಣೆ ನೂಲುತ್ತಲೇ, ನಮ್ಮ ಜಗುಲಿಯಿಂದ ಉತ್ತರ ಕೊಡುತ್ತಿದ್ದಳು.

ಇಬ್ಬರೂ ಆದಿವಾಲದ ಹತ್ತಿರದ ಒಂದು ಗೊಲ್ಲರ ಹಟ್ಟಿಯವರು. ಮುದ್ದಪ್ಪನ ಅಣ್ಣತಮ್ಮಂದಿರೆಲ್ಲ ಕುರಿ ಕಾಯುತ್ತಾರೆ. ಇವನೊಬ್ಬ ಏಳನೇ ತರಗತಿ ಮುಗಿಸಿ ಖಾಕಿ ಅಂಗಿ ಹಾಕಿದವನು. ಅಂಗಿ ಖಾಕಿಯಾದರೂ ಮಾತು ಮಾತ್ರ ಕುರಿಯವರದ್ದೇ. ಮೊಟ್ಟೆ ತುಂಬಿಕೊಂಡ ಹೆಣ್ಣು ಕಪ್ಪೆ ಸಿಕ್ಕರೆ ನೀರಿಗೇ ಬಿಡುತ್ತಿದ್ದ, “ಗಬ್ಬದ ಕುರೀನ ಯಾರಾನ ಕಟುಕರಿಗೆ ಕೊಡ್ತಾರಾ?” ಎನ್ನುತ್ತಿದ್ದ. ಮಕ್ಕಳು ಕಪ್ಪೆ ಕೊಯ್ಯುವ ದಿನ ಕಾಲೇಜಿನ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ಕುಳಿತು ಬೀಡಿ ಸೇದುತ್ತಿದ್ದ. ಮಿಕ್ಕಿ ಉಳಿದ ಕಪ್ಪೆಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ, ತಂದ ಜಾಗಕ್ಕೇ ಹೋಗಿ ಬಿಟ್ಟು ಬರುತ್ತಿದ್ದ. ತಪ್ಪಿಸಿಕೊಂಡು ಬಂದ ಕುರಿಯನ್ನು ಅದರ ರೊಪ್ಪಕ್ಕೇ ಸೇರಿಸಬೇಕು, ಮುಳ್ಳುಬೇಲಿಯ ಆ ಗೂಡಲ್ಲದೆ ಬೇರೆ ಗೂಡಿಗೆ ನೂಕಬಾರದು ಎನ್ನುವುದು ಅವರ ಹಟ್ಟಿಯ ಕಟ್ಟಳೆಯಂತೆ.

ಕಪ್ಪೆಗಳ ವಿಷಯದಲ್ಲಿ ಅವನು ಬಿಡುತ್ತಿದ್ದ ಬುರುಡೆಗೆ ಲೆಕ್ಕವಿರಲಿಲ್ಲ. ತಾಲ್ಲೂಕಿನ ಕಪ್ಪೆಗಳಿಗೆಲ್ಲ ಅವನೇ ನಾಮಕರಣ ಮಾಡಿದ್ದ. ಬೀದಿ ದೀಪದ ಕೆಳಗೆ ಕುಳಿತು ಎಲ್ಲರನ್ನೂ ದುರುಗುಟ್ಟಿ ನೋಡುವ ಗುಳ್ಳೆ ಮೈಯ ನೆಲಗಪ್ಪೆ ‘ಹೆಡ್‌ಮಾಸ್ಟ್ರು’. ಬಚ್ಚಲ ಗೋಡೆಗೆ ಅಂಟಿಕೊಳ್ಳುವ ಮರಗಪ್ಪೆ ‘ಕಂಡಕ್ಟ್ರು’. ನೀರಿನ ಮೇಲೆಯೇ ತಟತಟನೆ ಓಡಿಹೋಗುವುದು ‘ಪೋಸ್ಟ್‌ಮನ್ನು’. ಪುಸ್ತಕದಲ್ಲಿ ಸಾಲಮಾಂಡರಿನ ಚಿತ್ರ ನೋಡಿ ನಮ್ಮವರನ್ನು ಕೇಳಿದ್ದ, ಇದು ಎಲ್ಲಿ ಸಿಗುತ್ತದೆ ಎಂದು. ಕಪ್ಪೆಯ ದಾಯಾದಿ, ಆದರೆ ಬಾಲವಿದೆ, ನಮ್ಮ ದೇಶದಲ್ಲಿ ಡಾರ್ಜಿಲಿಂಗಿನ ಕಡೆ ಬೆಟ್ಟದ ಕೊಳಗಳಲ್ಲಿ ಮಾತ್ರ ಎಂದು ಇವರು ಹೇಳಿದರು. “ಡಾರ್ಜಿಲಿಂಗ್ ಯಾಕೆ ಸಾರ್, ಮಾರಿಕಣಿವೆ ಗುಡ್ಡದಾಗೆ ಬೇಕಾದಷ್ಟು ಅವೆ” ಎಂದವನು ಮಾರನೆಯ ದಿನ ಡಬ್ಬಿಯಲ್ಲಿ ಹಿಡಿದು ತಂದದ್ದು ಒಂದು ಹಾವುರಾಣಿ. ಅದು ನಮ್ಮ ಅಡುಗೆಮನೆಯ ಒಲೆಯ ಹಿಂದೆ ಹೊಕ್ಕಾಗ ನಾನು ಮಗುವನ್ನೆತ್ತಿಕೊಂಡು ಬೀದಿಗೆ ಓಡಿದ್ದೆ.

ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಈ ಮುದ್ದಪ್ಪನ ಮುಖದಲ್ಲಿ ಮೊದಲ ಸಲ ಚಿಂತೆ ನೋಡಿದೆ.

ಅವನು ಎಂಟೊಂಬತ್ತು ವರ್ಷದಿಂದ ಹಂಗಾಮಿ ನೌಕರ. ಕಾಯಂ ಮಾಡಿ ಎಂದು ಕೇಳಿ ಕೇಳಿ ಬಾಯಿ ಒಣಗಿತ್ತು. ಆ ವರ್ಷ ಪ್ರಿನ್ಸಿಪಾಲರು ಕರೆದು, “ನೋಡಪ್ಪ, ಏಪ್ರಿಲ್ ಪರೀಕ್ಷೆಗೆ ಕಪ್ಪೆಗೆ ಕೊರತೆಯಾಗದಂತೆ ನೋಡಿಕೋ. ನಿನ್ನ ಹೆಸರು ಮೇಲಕ್ಕೆ ಬರೆಯುತ್ತೇನೆ. ಕಪ್ಪೆ ಇಲ್ಲ ಗಿಪ್ಪೆ ಇಲ್ಲ ಅಂದರೆ ಜೂನಿನಿಂದ ಬೇರೆಯವನನ್ನು ನೋಡಿಕೊಳ್ಳುತ್ತೇನೆ” ಎಂದರು.

ಬೇರೆ ವರ್ಷವಾಗಿದ್ದರೆ ಅದು ಅವನಿಗೆ ಎಡಗೈ ಕೆಲಸ. ಮಾರಿಕಣಿವೆ ನಾಲೆಯ ಮಡುಗಳಲ್ಲಿ ಅಂಗೈಯಗಲದ ಗೋಂಕರುಗಪ್ಪೆಗಳು ಬೇಸಿಗೆಯಲ್ಲೂ ಸಿಗುತ್ತಿದ್ದವು. ಆ ವರ್ಷ ಹೋಗಿ ನೋಡಿದರೆ ಮಡುಗಳು ಮೌನ. ಕಪ್ಪೆಯ ಕಾಲು ಕೊಂಡು ಹಡಗಿನಲ್ಲಿ ಹೊರದೇಶಕ್ಕೆ ಕಳಿಸುವವರ ಲಾರಿ ಹಿಂದಿನ ಮಳೆಗಾಲದಲ್ಲೇ ಬಂದು, ಬ್ಯಾಟರಿ ಬೆಳಕು ಬಿಟ್ಟು, ನಾಲೆಯುದ್ದಕ್ಕೂ ಗುಡಿಸಿಕೊಂಡು ಹೋಗಿತ್ತು. ಮುದ್ದಪ್ಪ ಎರಡೇ ಎರಡು ಗೋಂಕರುಗಪ್ಪೆ ಹಿಡಿದುಕೊಂಡು ಬಂದು ಮೊಣಕೈಯಿಂದ ಬಾಗಿಲು ಗುದ್ದಿದ.

“ಗಬ್ಬದ ಕುರೀನೂ ಬಿಟ್ಟಿಲ್ಲ ಅಮ್ಮಾರೆ. ಪೂರಾ ಹಿಂಡು ಹೊಡ್ಕಂಡ್ ಹೋಗವ್ರೆ” ಎಂದು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕುಳಿತ.

ಎಲ್ಲರಿಗೂ ಕಾಫಿ ಕೊಟ್ಟೆ. ಪಠ್ಯದಲ್ಲಿ ಜಿರಲೆ ಕೊಯ್ಯುವುದೂ ಇದೆ, ಕೊಯ್ಯಲು ಅದನ್ನೇ ಕೊಟ್ಟುಬಿಡೋಣ, ಆದರೆ ಒಬ್ಬೊಬ್ಬರ ಮುಂದೂ ಒಂದೊಂದು ಕಪ್ಪೆ ಕಾಣದಿದ್ದರೆ ಹೊರಗಿನಿಂದ ಬರುವ ಪರೀಕ್ಷಕರು ಒಪ್ಪಲಾರರು ಎಂದು ನಮ್ಮವರು ತಲೆ ಕೆರೆದುಕೊಂಡರು.

“ಗೋಂಕರುಗಪ್ಪೇನೇ ಆಗಬೇಕಾ ಸಾರ್? ಒಟ್ನಾಗೆ ಕಪ್ಪೆ ಆದ್ರೆ ಸಾಕಾ?”

“ಕಪ್ಪೆ ಆದ್ರೆ ಸಾಕು ಅಂತ ಹೇಳಿ ನೋಡ್ತೀನಿ ಕಣಯ್ಯ.”

“ಹಂಗಾರೆ ಬಿಡ್ರಿ. ಹಟ್ಟೀನೇ ಎಬ್ಬಿಸ್ತೀನಿ!”

ಎಬ್ಬಿಸಿಯೇಬಿಟ್ಟ. ಆ ವಾರ ಪೂರ್ತಿ ಅವರ ಹಟ್ಟಿಯ ಹೆಂಗಸರು, ಗಂಡಸರು, ನೆಂಟರು ಎಲ್ಲರೂ ಕಪ್ಪೆ ಹುಡುಕಿದರು. ಧರ್ಮಪುರದ ಕಡಲೆಕಾಯಿ ಹೊಲದ ಬದು ಅಗೆದರು, ಆದಿವಾಲದ ಬಾವಿಗೆ ಇಳಿದರು, ಬಚ್ಚಲುಮನೆಯ ಗೋಡೆ, ನೀರಿನ ಗುಡಾಣದ ಅಡಿ, ಹಳ್ಳದ ಮರಳು ಕೆದರಿದರು. ಬಂದದ್ದೆಲ್ಲ ನಮ್ಮ ತೊಟ್ಟಿಗೆ. ನಾನೂ ಹಾಳು ಕುತೂಹಲಕ್ಕೆ ಬಗ್ಗಿ ನೋಡಿದೆ. ಹೆಬ್ಬೆರಳ ಉಗುರಿನಷ್ಟು ಚಿಕ್ಕದು, ಬೆನ್ನ ಮೇಲೆ ಯಾರೋ ರಂಗೋಲಿ ಎಳೆದಂಥದು. ಮುಟ್ಟಿದರೆ ಉಬ್ಬಿ ಚೆಂಡಿನಂತಾಗುವ ಒಂದು ದುಂಡಗಿನದು. ಅದಕ್ಕೆ ಮುದ್ದಪ್ಪ ಆಗಲೇ ‘ಸಾಹುಕಾರ’ ಎಂದು ಹೆಸರಿಟ್ಟಾಗಿತ್ತು. ಹೆಡ್‌ಮಾಸ್ಟರು, ಕಂಡಕ್ಟರು, ಪೋಸ್ಟ್‌ಮನ್ನು ಎಲ್ಲರೂ ಇದ್ದರು. ಈ ಬರಡು ಕಲ್ಲಿನಂಥ ಊರಲ್ಲಿ ಇಷ್ಟು ಬಗೆ ಎಲ್ಲಿ ಅಡಗಿದ್ದವೋ!

ಆದರೆ ಬೆಳಿಗ್ಗೆ ಎದ್ದು ನೋಡಿದರೆ ಕಪ್ಪೆ ಕಡಿಮೆ. ಮರುದಿನ ಇನ್ನೂ ಕಡಿಮೆ. ತೊಟ್ಟಿಯ ಮೇಲೆ ಮುಚ್ಚಿದ ಜಾಲರಿ ಮುಚ್ಚಿದ ಹಾಗೇ ಇತ್ತು.

“ಹಾವು! ಹಾವೇ! ನಾನು ಮೊದಲೇ ಹೇಳಿರಲಿಲ್ಲವಾ?” ಎಂದು ನಾನು ವಾರಿಜಳನ್ನು ಸೊಂಟದಿಂದ ಇಳಿಸುವುದನ್ನೇ ಬಿಟ್ಟೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಅಡುಗೆ, ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಕಸ ಗುಡಿಸುವುದು. ಮೈಸೂರಿಗೆ ಹೋಗಿಬಿಡುತ್ತೇನೆ ಎಂದೂ ಹೇಳಿದೆ. ಮುದ್ದಪ್ಪ ಜಾಲರಿಯ ಸುತ್ತ ಬೆಳ್ಳುಳ್ಳಿ ಜಜ್ಜಿ ಹಾಕಿದ. ತಮ್ಮ ಕುಲದ ದೇವರು ಜುಂಜಪ್ಪನಿಗೆ ತೆಂಗಿನಕಾಯಿ ಹರಕೆ ಹೊತ್ತ. ಪರೀಕ್ಷೆಗೆ ವಾರವೂ ಉಳಿದಿರಲಿಲ್ಲ. ಅವನ ಕಾಯಂ ನೌಕರಿ ನಮ್ಮ ತೊಟ್ಟಿಯಲ್ಲಿ ದಿನದಿನಕ್ಕೂ ಕರಗುತ್ತಿತ್ತು.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದವಳು ತೊಟ್ಟಿಯತ್ತ ನೋಡಿ ಕಿರುಚಿದೆ. ಎರಡು ಗೋಂಕರುಗಪ್ಪೆಗಳಲ್ಲಿ ದೊಡ್ಡದು ಕಲ್ಲಿನ ಮೇಲೆ ಗಂಭೀರವಾಗಿ ಕುಳಿತಿತ್ತು. ಅದರ ಬಾಯಿಯಿಂದ ಒಂದು ಪುಟ್ಟ ಕಾಲು ಹೊರಗೆ ನೇತಾಡುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಅದು ಕಣ್ಣು ಮುಚ್ಚಿ ಗುಟುಕ್ಕೆಂದಿತು. ಕಾಲೂ ಹೋಯಿತು.

ಕಿರುಚಾಟಕ್ಕೆ ಮುದ್ದಪ್ಪ, ಕಾಟಮ್ಮ ಇಬ್ಬರೂ ಓಡಿ ಬಂದರು. ವಿಷಯ ಕೇಳಿ ಕಾಟಮ್ಮ ಸೆರಗು ಬಾಯಿಗಿಟ್ಟುಕೊಂಡು ಅಲುಗಾಡಿ ನಕ್ಕಳು. “ಅಯ್ಯೋ ನನ್ ರಾಜ! ಕುರಿ ರೊಪ್ಪದಾಗೆ ತೋಳ ಬಿಟ್ಟು, ಹೊರಗಡೆ ಬೆಳ್ಳುಳ್ಳಿ ಕಾವಲು ಹಾಕ್ಯಾನೆ! ತಾಲ್ಲೂಕಿನ ಕಪ್ಪೆಗೆಲ್ಲ ಇವನ ಹೆಸರು ಗೊತ್ತಂತೆ!”

“ಲೇ, ಇಷ್ಟು ವರ್ಷ ಒಂದೇ ಜಾತಿ, ಒಂದೇ ಅಳತೇವು ತರ್ತಿದ್ದೆ. ಅವು ಒಂದನ್ನೊಂದು ತಿಂತಿರ್ಲಿಲ್ಲ. ನಂಗೇನ್ ಗೊತ್ತು?” ಎಂದು ಮುದ್ದಪ್ಪ ಗೊಣಗಿದ. ಮರುಗಳಿಗೆಗೆ ತಾನೂ ನಗತೊಡಗಿದ. “ಆದ್ರೂ ಜೀರ್ಣಶಕ್ತಿ ನೋಡ್ರಿ ಅಮ್ಮಾರೆ ಇದರದ್ದು!”

ಹಾವಲ್ಲ ಎಂದು ತಿಳಿದ ಸಂತೋಷಕ್ಕೆ ನಾನು ಉದಾರಿಯಾಗಿಬಿಟ್ಟೆ. ಒಂದೊಂದು ಕಪ್ಪೆಯನ್ನೂ ಬೇರೆ ಬೇರೆ ಇಡಬೇಕಲ್ಲ, ಪಾತ್ರೆ ನಾನು ಕೊಡುತ್ತೇನೆ ಎಂದೆ. ಮಾತು ಕೊಟ್ಟ ಮೇಲೆ ತಿಳಿಯಿತು ಎಷ್ಟು ಪಾತ್ರೆ ಬೇಕೆಂದು. ಉಪ್ಪಿನಕಾಯಿ ಜಾಡಿ, ಹಾರ್ಲಿಕ್ಸ್ ಬಾಟಲಿಗಳು, ಬಿಸ್ಕತ್ತಿನ ಡಬ್ಬಿ, ಕಾಫಿ ಫಿಲ್ಟರಿನ ಕೆಳಭಾಗ, ತವರಿನಿಂದ ಬಂದ ಹಿತ್ತಾಳೆ ಚೊಂಬು, ಎಲ್ಲವೂ ಹೋದವು. ತಳದಲ್ಲಿ ಒದ್ದೆ ಮಣ್ಣು, ಒಳಗೊಂದು ಕಪ್ಪೆ, ಬಾಯಿಗೆ ವಾರಿಜಳ ಹಳೆಯ ಲಂಗೋಟಿಯ ಬಟ್ಟೆ. ಆ ಬಟ್ಟೆಯನ್ನು ಕಾಟಮ್ಮ ಉಣ್ಣೆ ದಾರದಿಂದ ಕಟ್ಟಿದಳು. ಕರಿ ಉಣ್ಣೆ ಕಟ್ಟಿದ್ದು ಬಾವಿಯದು, ಬಿಳಿಯದು ಹೊಲದ್ದು, ಕಂದು ಬಚ್ಚಲುಮನೆಯದು, ಕರಿ ಬಿಳಿ ಹೊಸೆದದ್ದು ಹಳ್ಳದ್ದು, ಕರಿ ಕಂದು ಹೊಸೆದದ್ದು ಬೀದಿಯದು. ಯಾರ ಮನೆಯದು ಎಂಬುದಕ್ಕೆ ಮೇಲೆ ಬೇರೆ ಬೇರೆ ಗಂಟು.

“ಕುರಿಗಾದ್ರೆ ಕಿವಿ ಕತ್ತರಿಸಿ ಗುರುತು ಮಾಡ್ತೀವಿ. ಇವಕ್ಕೆ ಕಿವಿ ಎಲ್ಲೈತೆ ಕತ್ತರಿಸಾಕೆ?” ಎಂದಳು ಕಾಟಮ್ಮ. ಅರ್ಧದಷ್ಟು ಕಪ್ಪೆಗಳನ್ನು ಹಿಡಿದವರು ಹಟ್ಟಿಯ ಹೆಂಗಸರು. ಮತ್ತೆ ತಂದ ಜಾಗಕ್ಕೇ ಬಿಡುತ್ತೇವೆ ಎಂದು ಮುದ್ದಪ್ಪ ಅವರಿಗೆ ಆಣೆ ಮಾಡಿದ್ದನಂತೆ. ಬಾವಿಯ ಕಪ್ಪೆ ಹೋದರೆ ಬಾವಿಯ ನೀರು ಕೆಡುತ್ತದೆ ಎನ್ನುವುದು ಅವರ ಭಯ. ಹಾಗಾಗಿ ದಾರವೇ ಅವನಿಗೆ ಆಧಾರ. ಪಾತ್ರೆಗಳ ಸಾಲು ನಮ್ಮ ಅಡುಗೆಮನೆಯ ತಂಪು ಮೂಲೆಯಲ್ಲಿ ಕುಳಿತುಕೊಂಡಿತು. ಕೊಲೆಗಡುಕ ಗೋಂಕರುಗಪ್ಪೆಗಳೆರಡು ತೊಟ್ಟಿಯಲ್ಲೇ ಉಳಿದವು.

ಪರೀಕ್ಷೆಯ ಬೆಳಿಗ್ಗೆ ಬಂತು. ಪರೀಕ್ಷಕರು ಬಳ್ಳಾರಿ ಕಡೆಯ ಕೊಟ್ರಮ್ಮ ಮೇಡಂ. ಅವರ ಹೆಸರು ಹೇಳಿದರೆ ಹುಡುಗರು ನೀರು ಕುಡಿಯುತ್ತಿದ್ದರು, ಮೇಷ್ಟರುಗಳೂ ಕುಡಿಯುತ್ತಿದ್ದರು. ಅವರಿಗೆ ತಿಂಡಿ ನಮ್ಮ ಮನೆಯಲ್ಲಿ. ನಮ್ಮವರು ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಮುದ್ದಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿಯಲ್ಲಿ ಪಾತ್ರೆಗಳನ್ನು ಸಾಗಿಸಲು ಬಂದಿದ್ದ. ಉಪ್ಪಿಟ್ಟಿಗೆ ಒಗ್ಗರಣೆ ಹಾಕಲು ನಾನು ಒಂದು ಗಳಿಗೆ, ಒಂದೇ ಒಂದು ಗಳಿಗೆ, ಬೆನ್ನು ತಿರುಗಿಸಿದೆ.

ತಿರುಗಿ ನೋಡಿದರೆ ವಾರಿಜ ಸಾಲಿನ ನಡುವೆ ಕುಳಿತಿದ್ದಾಳೆ. ಮಡಿಲ ತುಂಬ ಕರಿ, ಬಿಳಿ, ಕಂದು ಉಣ್ಣೆ ದಾರ. ಬಾಯಲ್ಲೂ ಒಂದು ಎಳೆ. ಕೊನೆಯ ಜಾಡಿಯ ದಾರವನ್ನು ಎಳೆಯುವ ಗಂಭೀರ ಕೆಲಸದಲ್ಲಿದ್ದಾಳೆ. ಸುತ್ತಲೂ ಕಪ್ಪೆಗಳು! ಕಂಡಕ್ಟರು ಗೋಡೆಯ ಕ್ಯಾಲೆಂಡರಿನ ಮೇಲೆ. ಪೋಸ್ಟ್‌ಮನ್ನು ನೀರಿನ ಕೊಳದಪ್ಪಲೆಯೊಳಗೆ. ಹೆಡ್‌ಮಾಸ್ಟರು ಉಪ್ಪಿಟ್ಟಿನ ರವೆಯ ಪಕ್ಕದಲ್ಲಿ.

“ನುಂಗಿದಳು! ದಾರ ನುಂಗಿದಳು!” ಎಂದು ನಾನು ಅವಳ ಬಾಯಿಗೆ ಬೆರಳು ಹಾಕಿದೆ. ನುಂಗಿರಲಿಲ್ಲ, ನನ್ನ ಬೆರಳನ್ನು ಚೆನ್ನಾಗಿ ಕಚ್ಚಿದಳು. ಮುದ್ದಪ್ಪ ಇಸ್ತ್ರಿ ಅಂಗಿಯಲ್ಲೇ ಬೋರಲು ಬಿದ್ದು ಒಲೆಯ ಕಟ್ಟೆಯಡಿಗೆ ಕೈ ಹಾಕಿದ. “ಬಾಗ್ಲು ಹಾಕ್ರಿ ಅಮ್ಮಾರೆ, ಬಾಗ್ಲು!”

ಬಾಗಿಲು ಹಾಕಲು ಓಡಿದೆ. ಬಾಗಿಲಲ್ಲಿ ನಮ್ಮವರು ನಿಂತಿದ್ದರು. ಪಕ್ಕದಲ್ಲಿ ದಪ್ಪ ಕನ್ನಡಕದ, ಇಳಕಲ್ ಸೀರೆಯ ಕೊಟ್ರಮ್ಮ ಮೇಡಂ. ನಾನು ನಮಸ್ಕಾರ ಎನ್ನುವಷ್ಟರಲ್ಲಿ ಕಂಡಕ್ಟರು ಕ್ಯಾಲೆಂಡರಿನಿಂದ ಹಾರಿ ಅವರ ಭುಜದ ಮೇಲೆ ಇಳಿದ.

ನಮ್ಮವರು ಕಣ್ಣು ಮುಚ್ಚಿಕೊಂಡರು.

“ಯಾರೂ ಅಲುಗಾಡಬ್ಯಾಡ್ರಿ” ಎಂದರು ಮೇಡಂ, ಪರೀಕ್ಷೆಯ ಕೋಣೆಯ ದನಿಯಲ್ಲಿ. ಕತ್ತು ತಿರುಗಿಸದೆ, ಕೈಯನ್ನು ಮೆಲ್ಲಗೆ ಎತ್ತಿ, ಹೂ ಕೀಳುವ ಹಾಗೆ ಅದನ್ನು ಹಿಡಿದುಕೊಂಡರು. ಬೆರಳ ತುದಿಯ ಗುಂಡು ಬಿಲ್ಲೆಗಳನ್ನು ನೋಡಿದರು. ಮುಖ ಅರಳಿತು. “ಬಚ್ಚಲದಾಗ ಇರ್ತಿದ್ದಿ ಅಲ್ಲೇನೋ ನೀನು? ನಮ್ಮ ಅಜ್ಜಿ ಮನ್ಯಾಗೂ ಇದ್ದೆಲ್ಲೋ!” ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, “ಉಳಿದಾವು ಎಲ್ಲಿ ಅದಾವ್ರಿ?” ಎಂದು ನಮ್ಮ ಅಡುಗೆಮನೆಯಲ್ಲಿ ಮಂಡಿಯೂರಿದರು.

ನಾಲ್ವರೂ ಸೇರಿ ಹಿಡಿದೆವು. ಸಿಕ್ಕ ಪಾತ್ರೆಗೆ ಸಿಕ್ಕ ಕಪ್ಪೆ ಹಾಕಿದೆವು. ಒಂದೂ ತಪ್ಪಿಸಿಕೊಳ್ಳಲಿಲ್ಲ. ಆದರೆ ಎಲ್ಲ ಮುಗಿದ ಮೇಲೆ ಮುದ್ದಪ್ಪ ಉಣ್ಣೆಯ ಮುದ್ದೆಯನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕುಳಿತುಬಿಟ್ಟ.

“ರೊಪ್ಪನೆಲ್ಲ ಕಲಸಿಬಿಟ್ಲಲ್ಲ ಪುಟ್ಟಮ್ಮ! ಯಾವ್ದು ಎಲ್ಲೀದು ಅಂತ ಹೆಂಗ್ ಹೇಳಲಿ? ಹಟ್ಟಿ ಹೆಣ್ಣುಮಕ್ಕಳಿಗೆ ಆಣೆ ಮಾಡೀನಿ.”

ಏನು, ಎತ್ತ ಎಂದು ಮೇಡಂ ಕೇಳಿದರು. ಮುದ್ದಪ್ಪ ಲಾರಿಯಿಂದ ಹಿಡಿದು ದಾರದವರೆಗೆ ಹೇಳಿದ. ಸಾಹುಕಾರ, ಹೆಡ್‌ಮಾಸ್ಟರು ಯಾರನ್ನೂ ಬಿಡಲಿಲ್ಲ. ಕಾಯಂ ಆಗುವ ವಿಷಯವನ್ನು ಅಷ್ಟರಲ್ಲಿ ಬಂದ ಕಾಟಮ್ಮ ನಡುವೆ ಸೇರಿಸಿದಳು. ಸಾಹುಕಾರ ಉಬ್ಬುವುದು ಮೋಡ ಕುಡಿದು ಎಂದು ಮುದ್ದಪ್ಪ ಹೇಳಿದಾಗ ಮೇಡಂ, “ಗಾಳಿ ತಮ್ಮಾ, ಬರೇ ಗಾಳಿ” ಎಂದರು. “ಮೋಡ ಅಂದ್ರೂ ಗಾಳೀನೇ ಅಲ್ವಾ ಮೇಡಂ” ಎಂದು ಅವನು ಬಿಟ್ಟುಕೊಡಲಿಲ್ಲ. ಮೇಡಂ ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟು, ಒಂದೊಂದು ಪಾತ್ರೆಯ ಬಟ್ಟೆಯನ್ನೂ ಎತ್ತಿ ಒಳಗೆ ಇಣುಕಿದರು. ಉಪ್ಪಿಟ್ಟಿನಲ್ಲಿ ಉಪ್ಪು ಹೆಚ್ಚಾಯಿತೋ ಎಂದು ನಾನು ಆ ತಟ್ಟೆಯನ್ನೇ ನೋಡುತ್ತಿದ್ದೆ.

“ಗಂಗಾಧರಪ್ಪನವರ, ಕೊಯ್ಯಾಕ ಜಿರಲಿ ಕೊಡ್ರಿ. ಹಾಸ್ಟೆಲ್ಲಿನಾಗ ಬೇಕಾದಷ್ಟು ಇರ್ತಾವ. ಈ ಕಪ್ಪಿಗೋಳ್ನ ಕೊಯ್ಯೂದು ಬ್ಯಾಡ. ಒಬ್ಬೊಬ್ಬರ ಮುಂದ ಒಂದೊಂದು ಇಡ್ರಿ. ಕಾಲು ನೋಡಿ, ತೊಗಲು ನೋಡಿ, ಇದರ ಮನಿ ಎಲ್ಲಿ, ಯಾಕ ಅಂತ ಹುಡುಗ್ರು ಬರೀಲಿ. ಪರೀಕ್ಷಾನೂ ಆತು, ಈ ತಮ್ಮನ ಆಣಿನೂ ಉಳೀತು.”

ಪರೀಕ್ಷೆಯ ಕೋಣೆಯಲ್ಲಿ ನಾನಿರಲಿಲ್ಲ. ಸಂಜೆ ಮುದ್ದಪ್ಪ ನಮ್ಮ ನಡುಮನೆಯಲ್ಲಿ ಅಷ್ಟೂ ಪಾತ್ರ ತಾನೇ ಕಟ್ಟಿ ಆಡಿ ತೋರಿಸಿದ. ಅಂದು ಮಾತ್ರ ಅವನು ಬೇವಿನ ಮರದಡಿ ಬೆನ್ನು ತಿರುಗಿಸಿ ಕೂತಿರಲಿಲ್ಲ, ಮೇಜಿನಿಂದ ಮೇಜಿಗೆ ಕತ್ತು ಚಾಚಿದ್ದನಂತೆ. ಬೆರಳುಗಳ ನಡುವೆ ಪೂರಾ ತೊಗಲಿನ ಪರದೆ ಇದ್ದದ್ದನ್ನು ನೋಡಿ ಒಬ್ಬ, ಇದು ಈಜುವುದು, ಬಾವಿಯದು ಎಂದು ಬರೆದನಂತೆ. ಬೆರಳ ತುದಿಯಲ್ಲಿ ಅಂಟುವ ಬಿಲ್ಲೆ ಇರುವುದು ಗೋಡೆ ಹತ್ತುವುದು ಎಂದು ಇನ್ನೊಬ್ಬ. ಹೆಡ್‌ಮಾಸ್ಟರನ್ನು ಎದುರಿಗಿಟ್ಟುಕೊಂಡ ಹುಡುಗ ಹೆದರಿ, ಒರಟು ಚರ್ಮ, ನೀರಿನ ಹಂಗು ಕಡಿಮೆ, ಆದ್ದರಿಂದ ಬೀದಿ ಎಂದನಂತೆ. ಸಾಹುಕಾರ ಬಂದದ್ದು ಧರ್ಮಪುರದ ಕಡೆಯ ಒಬ್ಬ ಹುಡುಗಿಗೆ. ಅವಳು ಅದನ್ನು ಮಗುಚಿ, ಹಿಮ್ಮಡಿಯಲ್ಲಿ ಸಲಿಕೆಯಂಥ ಗಟ್ಟಿ ಗೆಣ್ಣು ನೋಡಿ, ಕೈಯೆತ್ತಿ, “ಮೇಡಂ, ಇದು ನಮ್ಮ ಕಡ್ಲೆಕಾಯಿ ಹೊಲದ್ದು! ಕಳೆ ಕೀಳುವಾಗ ನಮ್ಮವ್ವನ ಕೈಗೆ ಸಿಗ್ತಾವೆ!” ಎಂದು ಎದ್ದು ನಿಂತಳಂತೆ. ಮೇಡಂ ನಕ್ಕರಂತೆ. ಕೊಟ್ರಮ್ಮ ಮೇಡಂ ಪರೀಕ್ಷೆಯಲ್ಲಿ ನಕ್ಕದ್ದು ಆ ಊರಿನ ಕಾಲೇಜಿನಲ್ಲಿ ಇಂದಿಗೂ ದೊಡ್ಡ ಸುದ್ದಿ.

ಹೊರಡುವಾಗ ಅವರು ಪ್ರಿನ್ಸಿಪಾಲರಿಗೆ ಹೇಳಿದ್ದು ಇಷ್ಟೇ: “ಇಂಥ ಅಟೆಂಡರ್ ನಮ್ಮ ಕಾಲೇಜಿನಾಗ ಇಲ್ಲ. ನಿಮಗ ಬ್ಯಾಡಾದ್ರ ನಮಗ ಕೊಡ್ರಿ.” ಬೇರೆಯವರು ಕೇಳಿದ ವಸ್ತುವಿಗೆ ತಕ್ಷಣ ಬೆಲೆ ಬರುತ್ತದೆ. ಪ್ರಿನ್ಸಿಪಾಲರು ಅಂದೇ ಮುದ್ದಪ್ಪನ ಹೆಸರನ್ನು ಮೇಲಕ್ಕೆ ಬರೆದರು.

ಭರಣಿ ಮಳೆ ಬಿದ್ದ ಮರುದಿನ ಕಪ್ಪೆಗಳ ಸವಾರಿ ಹೊರಟಿತು. ನಾನೂ ಹೊರಟೆ. ನನ್ನ ಉಪ್ಪಿನಕಾಯಿ ಜಾಡಿ, ತವರಿನ ಚೊಂಬು ಯಾರನ್ನು ನಂಬಿ ಕಳಿಸುವುದು? ಮಗುವಿಗೆ ಕಾಯಿಸಿದ ನೀರು, ಎರಡು ಜೊತೆ ಬಟ್ಟೆ, ಡೆಟಾಲು ಎಲ್ಲ ಕಟ್ಟಿಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ಜಾಡಿಯತ್ತ ನೋಡಿ, “ಏನ್ರಕ್ಕ, ಮಾವಿನಕಾಯೋ ನಿಂಬೆಕಾಯೋ?” ಎಂದ. ಜಾಡಿ ‘ಊಂವ್’ ಎಂದಿತು. “ಕಪ್ಪೆ ಕಣಪ್ಪ” ಎಂದ ಮುದ್ದಪ್ಪ. “ಹಿಂದಿನ ಡಬ್ಬಿಯಾಗೆ ನೀನೂ ಇದೀಯ. ಕಂಡಕ್ಟ್ರು ಅಂತ್ಲೇ ಹೆಸರು.” ಬಸ್ಸಿಗೆ ಬಸ್ಸೇ ಎದ್ದು ನೋಡಿತು. ಜಾಡಿ ಕೈಯಿಂದ ಕೈಗೆ ಹೋಗಿ ಕೊನೆಯ ಸೀಟಿನವರೆಗೂ ಮುಟ್ಟಿ ವಾಪಸು ಬಂತು. ಒಡೆದೀತು, ಒಡೆದೀತು ಎಂದು ಕೂಗುತ್ತಲೇ ನನ್ನ ಗಂಟಲು ಬಿತ್ತು.

ಹುಡುಗರು ಬರೆದ ಉತ್ತರದಂತೆಯೇ ಒಂದೊಂದನ್ನೂ ಬಿಟ್ಟೆವು. ಧರ್ಮಪುರದ ಕೆಂಪು ಹೊಲದ ಬದುವಿನ ಮೇಲೆ ಜಾಡಿ ಬಗ್ಗಿಸಿದಾಗ ಸಾಹುಕಾರ ಹೊರಗೆ ಬಂದು, ಒಮ್ಮೆ ನಮ್ಮೆಲ್ಲರನ್ನೂ ನೋಡಿ, ಉಬ್ಬಿದ. ಆಮೇಲೆ ಹಿಂಗಾಲಿನಿಂದ ಮಣ್ಣು ಒತ್ತುತ್ತ, ಹಿಮ್ಮುಖವಾಗಿ, ಕೂತಲ್ಲಿಂದಲೇ ನೆಲದೊಳಗೆ ಇಳಿಯತೊಡಗಿದ. ಸೊಂಟ ಹೋಯಿತು, ಹೊಟ್ಟೆ ಹೋಯಿತು. ಎರಡು ಕಣ್ಣು ಮಾತ್ರ ಉಳಿದವು. ಅವೂ ಹೋದವು. ವಾರಿಜ ಬಗ್ಗಿ ಆ ಒದ್ದೆ ಮಣ್ಣಿಗೆ ಅಂಗೈ ಇಟ್ಟು, “ಬೂ” ಎಂದು ಚಪ್ಪಾಳೆ ತಟ್ಟಿದಳು. ಮೈಯೆಲ್ಲ ಕೆಸರು. ತೊಳೆಯಬೇಕು ಎಂದುಕೊಂಡೆ, ತೊಳೆಯಲಿಲ್ಲ.

ಉಳಿದದ್ದು ತೊಟ್ಟಿಯ ಎರಡು ಗೋಂಕರುಗಪ್ಪೆ. ಒಂದು ಹೆಣ್ಣು, ಒಂದು ಗಂಡು. ಅವನ್ನು ನಾಲೆಗೇ ಬಿಡಬೇಕಲ್ಲ ಎಂದೆ. ಮುದ್ದಪ್ಪ ತಲೆಯಾಡಿಸಿದ.

“ರೊಪ್ಪಕ್ಕೆ ಬೆಂಕಿ ಬಿದ್ರೆ ಕುರೀನ ಪಕ್ಕದ ರೊಪ್ಪದಾಗೆ ಕೂಡಬಹುದು ಅಮ್ಮಾರೆ. ಅದೂ ನಮ್ಮ ಕಟ್ಟಳೇನೇ. ನಾಲೇಗೆ ಬಿಟ್ರೆ ಲಾರಿಯೋರಿಗೆ ಬಿಟ್ಟಂಗೆ. ನಮ್ಮ ಹಟ್ಟಿ ಗೋಕಟ್ಟೇಗೆ ಬಿಡಾಣ. ಚಪ್ಪಲಿ ಮೆಟ್ಕಂಡು ನಮ್ಮ ಹಟ್ಟಿಗೇ ಯಾರೂ ಕಾಲಿಡಾಂಗಿಲ್ಲ, ಇನ್ನು ಲಾರಿ ತರ್ತಾರಾ?”

ಹಟ್ಟಿಯ ಹಿರಿಯ ಜುಂಜಯ್ಯನವರು, ಕುರಿ ನೀರು ಕುಡಿಯುವ ಆ ಗೋಕಟ್ಟೆಯ ಏರಿಯ ಮೇಲೆ ಕೋಲೂರಿ ನಿಂತು, ಎರಡು ಕಪ್ಪೆಗಳನ್ನೂ ವಧೂವರರ ಹಾಗೆ ಪರೀಕ್ಷಿಸಿದರು. “ಕುರಿಮರಿ ತಿನ್ನಲ್ಲ ತಾನೇ?” ಎಂದರು. ತಿನ್ನುವುದಿಲ್ಲ ಎಂದು ಕಾಟಮ್ಮ ಭರವಸೆ ಕೊಟ್ಟಳು. “ಆದ್ರೆ ನಿಮ್ಮ ಬೆರಳು ಹುಷಾರು ಮಾವಾ.”

ಜೂನ್ ಕಳೆದು ಜುಲೈ ಬಂತು. ಸೊಂಯ್ಯೆನ್ನುವ ಗಾಳಿ, ನಡುನಡುವೆ ತುಂತುರು. ಒಂದು ಸಂಜೆ ಹಿತ್ತಲ ಬಾಗಿಲಿಗೆ ಮೊಣಕೈಯ ಗುದ್ದು ಬಿತ್ತು. ಅಭ್ಯಾಸದಂತೆ ಒಂದು ಕೈಯಿಂದ ವಾರಿಜಳನ್ನು ಎತ್ತಿ, ಇನ್ನೊಂದು ಕೈಯಲ್ಲಿ ಮುಚ್ಚಳವಿರುವ ಡಬ್ಬಿ ಹಿಡಿದು ಬಾಗಿಲು ತೆಗೆದೆ.

ಮುದ್ದಪ್ಪನ ಎರಡು ಕೈಯಲ್ಲೂ ಬೆಂಡು ಬತ್ತಾಸಿನ ಪೊಟ್ಟಣಗಳಿದ್ದವು.

“ಕಾಯಂ ಆಯ್ತು ಅಮ್ಮಾರೆ! ಇಟ್ಕಳ್ರಿ, ಇಟ್ಕಳ್ರಿ. ಆ ಡಬ್ಬಿ ಬ್ಯಾಡ, ದೊಡ್ಡದು ತರ್ರಿ!” ಎಂದು ಅಲ್ಲಿಂದಲೇ ಕೂಗಿದ. ಹಿಂದೆ ಕಾಟಮ್ಮ ನಿಂತಿದ್ದಳು. ಅವಳ ಕೈಯಲ್ಲಿ ನನ್ನ ಹಾರ್ಲಿಕ್ಸ್ ಬಾಟಲಿ. ತುಂಬ ನೀರು, ನೀರಿನ ತುಂಬ ಕರಿ ಎಳ್ಳಿನಂಥ ಗೊದಮೊಟ್ಟೆಗಳು ಬಾಲ ಆಡಿಸುತ್ತಿದ್ದವು.

“ಗೋಕಟ್ಟೆ ತುಂಬ ಇವೇ ಕಣ್ರಮ್ಮ. ಕುರಿ ನೀರು ಕುಡಿಯಾಕೆ ಜಾಗ ಇಲ್ಲ” ಎಂದಳು. “ಪುಟ್ಟಮ್ಮ ನೋಡ್ಲಿ ಅಂತ ಒಂದು ಹಿಡಿ ತಂದೆ. ನಾಳೆ ವಾಪಸ್ ಬಿಡ್ತೀವಿ.”

ವಾರಿಜ ಬಾಟಲಿಗೆ ಕೈ ಚಾಚಿದಳು. ಗಾಜು, ಒಡೆದರೆ ಕೈಗೆ ಚುಚ್ಚುತ್ತದೆ, ನೀರು ಕುಡಿದುಬಿಟ್ಟರೆ ಎಂದು ಬಾಯಿ ತೆರೆದವಳು ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ಬಾಟಲಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ನಾನೇ ಹಿಡಿದೆ. ಮುದ್ದಪ್ಪ ಬತ್ತಾಸು ಕಚ್ಚುತ್ತ, ಯಾವುದು ಹೆಡ್‌ಮಾಸ್ಟರಾಗುತ್ತದೆ, ಯಾವುದು ಸಾಹುಕಾರ ಎಂದು ಅವಳಿಗೆ ಬೆರಳು ಮಾಡಿ ತೋರಿಸತೊಡಗಿದ.

“ಎಲ್ಲಾ ಗೋಂಕರುಗಪ್ಪೆ ಮರಿನೇ ಕಣಯ್ಯ” ಎಂದಳು ಕಾಟಮ್ಮ.

“ಇರ್ಲಿ ಬಿಡೇ. ಕಾಯಂ ನೌಕರ ಹೇಳ್ತಾ ಇದೀನಿ, ಕೇಳು.”